ತೇಲಿದ್ದೆಷ್ಟು, ಮುಳುಗಿದ್ದೆಷ್ಟು?

ಭತ್ತದ ಸಸಿಮಡಿ ಮಾಡುವ ಮೊದಲು ಬೀಜವನ್ನು ಉಪ್ಪುನೀರಿಗೆ ಹಾಕುವುದು ನಮ್ಮ ಕಡೆ ಅನೇಕ ರೈತರಿಗೆ ಗೊತ್ತಿರುವ ಪದ್ಧತಿ. ಎಷ್ಟು ಉಪ್ಪು ಹಾಕಬೇಕೆಂದು ತಿಳಿಯಲು ಅಳತೆ ಬೇಕಿಲ್ಲ, ಒಂದು ಹಸಿ ಕೋಳಿಮೊಟ್ಟೆ ಸಾಕು. ಬರಿಯ ನೀರಿನಲ್ಲಿ ತಳ ಸೇರಿದ ಮೊಟ್ಟೆ ಉಪ್ಪು ಕರಗಿಸುತ್ತಾ ಹೋದಂತೆ ಮೇಲೆದ್ದು ತೇಲಿದರೆ ನೀರು ಹದಕ್ಕೆ ಬಂತು. ಆಮೇಲೆ ಬೀಜ ಸುರಿದರೆ ಜೊಳ್ಳು ಮೇಲೆ ಬರುತ್ತದೆ, ಗಟ್ಟಿ ಕಾಳು ಕೆಳಗೆ ಕೂರುತ್ತದೆ. ಜೊಳ್ಳನ್ನು ತೆಗೆದುಹಾಕಿ, ಗಟ್ಟಿ ಕಾಳನ್ನು ಒಳ್ಳೆಯ ನೀರಿನಲ್ಲಿ ತೊಳೆದು ಬಿತ್ತುತ್ತಾರೆ.

ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ 19ನೆಯ ಶತಮಾನದಲ್ಲೂ ಮರಳು ಜಾಲಿಸಿ ಚಿನ್ನದ ಪುಡಿ ತೆಗೆಯುವ ಜಲಗಾರರಿದ್ದರು. ಅಕ್ಕಿಯಲ್ಲಿ ಕಲ್ಲು ಜಾಲಿಸುವ ಅಮ್ಮಂದಿರ ಕೈಚಳಕವೂ ಇದೇ ಜಾತಿಯದು. ಹಗುರವಾದದ್ದು ನೀರಿನ ಜೊತೆ ಹೋಗುತ್ತದೆ, ಭಾರವಾದದ್ದು ಉಳಿಯುತ್ತದೆ.

ಈ ಸರಳ ಸಂಗತಿಯ ಮೇಲೆ ಇಂದು ಕೋಟ್ಯಂತರ ಟನ್ ಕಲ್ಲಿದ್ದಲು ಮತ್ತು ಅದಿರಿನ ವ್ಯವಹಾರ ನಿಂತಿದೆ. ಗಣಿಯಿಂದ ಬಂದ ರಾಶಿಯಲ್ಲಿ ಯಾವ ಸಾಂದ್ರತೆಯ ಕಣ ಎಷ್ಟೆಷ್ಟಿದೆ ಎಂದು ಅಳೆಯುವ ಕೆಲಸ ಸಣ್ಣ ಲ್ಯಾಬಿನಲ್ಲಿ, ಬಕೆಟ್ಟು, ಜಾಲರಿ, ತಕ್ಕಡಿಗಳ ನಡುವೆ ನಡೆಯುತ್ತದೆ. ಆದರೆ ಆ ಲೆಕ್ಕದಿಂದ ಕಾರ್ಖಾನೆ ಕಟ್ಟಬೇಕೇ ಬೇಡವೇ, ಗಣಿ ಉಳಿಯುತ್ತದೆಯೇ, ರೈಲಿನಲ್ಲಿ ಕಲ್ಲಿದ್ದಲು ಹೋಗುತ್ತದೆಯೋ ಬರಿಯ ಮಣ್ಣು ಹೋಗುತ್ತದೆಯೋ ಎಂಬುದೆಲ್ಲ ತೀರ್ಮಾನವಾಗುತ್ತದೆ. ಗಲ್ಫ್‌ನಲ್ಲಿ ಸಿಮೆಂಟ್, ರೆಡಿಮಿಕ್ಸ್, ತೈಲ ಬಾವಿಗಳ ಲ್ಯಾಬುಗಳಲ್ಲಿ ದುಡಿಯುವ ನಮ್ಮವರು ಬಹಳ ಮಂದಿ ಇದ್ದಾರೆ. ಅವರಿಗೆ ಇದು ತೀರಾ ಹೊರಗಿನ ವಿಷಯವೇನಲ್ಲ.

ಎರಡು ರಾಶಿ, ಒಂದೇ ಬೂದಿ

ಸಾಂದ್ರತೆ ಎಂದರೆ ಒಂದು ಲೀಟರ್ ಜಾಗದಲ್ಲಿ ಎಷ್ಟು ಕಿಲೋ ಹಿಡಿಯುತ್ತದೆ ಎಂಬ ಲೆಕ್ಕ. ನೀರಿಗೆ 1. ಒಳ್ಳೆಯ ಕಲ್ಲಿದ್ದಲಿಗೆ ಸುಮಾರು 1.3. ಅದರ ಜೊತೆ ಬರುವ ಜೇಡಿಪದರದ ಕಲ್ಲಿಗೆ 2.3ರಿಂದ 2.6. ಬೆಣಚುಕಲ್ಲಿಗೆ 2.65, ಕಬ್ಬಿಣದ ಅದಿರಾದ ಮ್ಯಾಗ್ನೆಟೈಟ್‌ಗೆ ಸುಮಾರು 5.2.

ಒಂದು ಉದಾಹರಣೆ ಲೆಕ್ಕ ಮಾಡೋಣ. ನಿಮ್ಮ ಮುಂದೆ ತಲಾ 100 ಕಿಲೋದ ಎರಡು ಕಲ್ಲಿದ್ದಲು ರಾಶಿಗಳಿವೆ. ಎರಡನ್ನೂ ಸುಟ್ಟು ನೋಡಿದರೆ ಉಳಿಯುವ ಬೂದಿ ಶೇ. 34. ಸರಾಸರಿ ಮಾತ್ರ ನೋಡುವವನಿಗೆ ಎರಡೂ ಒಂದೇ, ಎರಡಕ್ಕೂ ಒಂದೇ ಬೆಲೆ.

ಈಗ ಎರಡನ್ನೂ 1.5 ಸಾಂದ್ರತೆಯ ದ್ರವಕ್ಕೆ ಹಾಕಿ. ಮೊದಲ ರಾಶಿಯಲ್ಲಿ 70 ಕಿಲೋ ತೇಲಿತು, ಅದರ ಬೂದಿ ಶೇ. 12. ಮುಳುಗಿದ 30 ಕಿಲೋ ಬಹುಪಾಲು ಕಲ್ಲೇ, ಬೂದಿ ಶೇ. 85. ಕೂಡಿಸಿದರೆ 8.4 ಮತ್ತು 25.5, ಒಟ್ಟು ಸುಮಾರು 34. ಎರಡನೆಯ ರಾಶಿಯಲ್ಲಿ ತೇಲಿದ್ದು 20 ಕಿಲೋ ಮಾತ್ರ, ಬೂದಿ ಶೇ. 15. ಉಳಿದದ್ದನ್ನು 1.7ರ ದ್ರವಕ್ಕೆ ಹಾಕಿದಾಗ ಇನ್ನೂ 60 ಕಿಲೋ ತೇಲಿತು, ಅದರ ಬೂದಿ ಶೇ. 35. ಕೊನೆಗೆ ಮುಳುಗಿದ 20 ಕಿಲೋದ ಬೂದಿ ಶೇ. 50. ಕೂಡಿಸಿದರೆ 3, 21, 10. ಒಟ್ಟು ಮತ್ತೆ 34.

ಮೊದಲ ರಾಶಿಯನ್ನು ತೊಳೆದರೆ ಶೇ. 12 ಬೂದಿಯ 70 ಕಿಲೋ ಒಳ್ಳೆಯ ಇದ್ದಿಲು ಸಿಗುತ್ತದೆ. ಎರಡನೆಯದರಲ್ಲಿ ಒಳ್ಳೆಯದು ಬೇಕೆಂದರೆ 20 ಕಿಲೋಗೆ ತೃಪ್ತಿಪಡಬೇಕು. 80 ಕಿಲೋ ಬೇಕೆಂದರೆ ಶೇ. 30 ಬೂದಿ ಸಹಿಸಿಕೊಳ್ಳಬೇಕು. ಅದರಲ್ಲಿ ಇದ್ದಿಲೂ ಮಣ್ಣೂ ಹಿಟ್ಟಿಗೆ ಹಿಟ್ಟು ಬೆರೆತಂತೆ ಒಂದೇ ಕಣದೊಳಗೆ ಸೇರಿಕೊಂಡಿವೆ. ಸರಾಸರಿ ಮುಚ್ಚಿಟ್ಟದ್ದನ್ನು ಹಂಚಿಕೆ ಬಯಲು ಮಾಡಿತು. ಈ ಪರೀಕ್ಷೆಯ ಪ್ರಯೋಜನವೆಲ್ಲ ಇಷ್ಟರಲ್ಲೇ ಇದೆ.

ಬಕೆಟ್ಟಿನಿಂದ ಬಕೆಟ್ಟಿಗೆ

ಇದಕ್ಕೆ ತೇಲು-ಮುಳುಗು ಪರೀಕ್ಷೆ ಎಂದು ಹೆಸರು. ಅಂತರರಾಷ್ಟ್ರೀಯ ಮಟ್ಟದಲ್ಲಿ ಐಎಸ್‌ಒ 7936, ಅಮೆರಿಕದಲ್ಲಿ ಎಎಸ್‌ಟಿಎಂ ಡಿ 4371 ಇದರ ವಿಧಾನವನ್ನು ನಿಗದಿ ಮಾಡುತ್ತವೆ. ಒಂದರ ಪಕ್ಕ ಒಂದು ಬಕೆಟ್ಟುಗಳು. ಮೊದಲನೆಯದರಲ್ಲಿ 1.3 ಸಾಂದ್ರತೆಯ ದ್ರವ, ಮುಂದಿನದರಲ್ಲಿ 1.4, ಹೀಗೆ 1.8ರವರೆಗೆ, ಬೇಕಾದರೆ 2.0ರವರೆಗೆ. ಮಾದರಿಯನ್ನು ಮೊದಲು ಜರಡಿ ಹಿಡಿದು ಗಾತ್ರದ ಪ್ರಕಾರ ಬೇರೆ ಮಾಡಿ, ಜಾಲರಿ ತಳದ ಪಾತ್ರೆಯಲ್ಲಿಟ್ಟು ಮೊದಲ ದ್ರವಕ್ಕೆ ಇಳಿಸುತ್ತಾರೆ. ತೇಲಿದ್ದನ್ನು ಜಾಲರಿ ಸೌಟಿನಿಂದ ತೆಗೆಯುತ್ತಾರೆ. ಮುಳುಗಿದ್ದು ಪಾತ್ರೆಯ ಸಮೇತ ಮುಂದಿನ ಬಕೆಟ್ಟಿಗೆ ಹೋಗುತ್ತದೆ. ಪ್ರತಿ ಹಂತದಲ್ಲಿ ತೇಲಿದ್ದನ್ನು ತೊಳೆದು, ಒಣಗಿಸಿ, ತೂಗಿ, ಸುಟ್ಟು ಬೂದಿ ನೋಡುತ್ತಾರೆ. ಗಂಧಕದ ಲೆಕ್ಕ ಬೇಕಾದರೆ ಅದನ್ನೂ ಅಳೆಯುತ್ತಾರೆ. ಬಂದ ಅಂಕಿಗಳನ್ನು ಗ್ರಾಫಿನಲ್ಲಿ ಗುರುತಿಸಿದರೆ ಕಲ್ಲಿದ್ದಲಿನ ಜಾತಕ ಸಿಕ್ಕಂತೆ.

ನೋಡಲು ಸುಲಭ, ತಪ್ಪಲು ಇನ್ನೂ ಸುಲಭ. ಸೆಕೆಗೆ ದ್ರವ ಆವಿಯಾದರೆ ಅದರ ಸಾಂದ್ರತೆ ಬದಲಾಗುತ್ತದೆ, ಆದ್ದರಿಂದ ಹೈಡ್ರೋಮೀಟರ್ ಇಳಿಸಿ ಮತ್ತೆ ಮತ್ತೆ ನೋಡಬೇಕು. ಕಣ ಒದ್ದೆಯಾಗಿದ್ದರೆ ಒಂದು ಬಗೆ, ಒಣಗಿದ್ದರೆ ಇನ್ನೊಂದು ಬಗೆ. ತೀರಾ ನುಣ್ಣನೆಯ ಪುಡಿ ಗಂಟೆಗಟ್ಟಲೆ ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಮಾದರಿ ತೆಗೆಯುವಾಗ ಆಗುವಂಥದ್ದು. ರಾಶಿಯ ಅಂಚಿನಿಂದ ಎರಡು ಸಲಿಕೆ ತಂದರೆ ಲ್ಯಾಬು ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಉತ್ತರ ಆ ಎರಡು ಸಲಿಕೆಯದೇ ಹೊರತು ರಾಶಿಯದಲ್ಲ.

ಪ್ಲೇನ್‌ಫೀಲ್ಡ್ ಪಕ್ಕದ ಗಣಿಗಳು

ಷಿಕಾಗೊ ನಗರದ ನೈರುತ್ಯಕ್ಕೆ ವಿಲ್ ಕೌಂಟಿಯಲ್ಲಿರುವ ಪ್ಲೇನ್‌ಫೀಲ್ಡ್ ಇಂದು ಹೊಸ ಮನೆಗಳ, ಶಾಲೆಗಳ ಊರು. ಷಿಕಾಗೊ ಸುತ್ತಲ ಉಪನಗರಗಳಲ್ಲಿ ಕನ್ನಡ ಕುಟುಂಬಗಳು ನೆಲೆಸಿವೆ. ನಮ್ಮಲ್ಲಿ ಕೆಲವರ ಅಣ್ಣತಮ್ಮಂದಿರು, ಅಕ್ಕತಂಗಿಯರು ಆ ಕಡೆ ಇರಬಹುದು. ಅಲ್ಲಿಂದ ದಕ್ಷಿಣಕ್ಕೆ ಕಾರಿನಲ್ಲಿ ಒಂದು ಗಂಟೆಯೊಳಗೆ ಬ್ರೇಡ್‌ವುಡ್, ಕೋಲ್ ಸಿಟಿ, ಡೈಮಂಡ್ ಎಂಬ ಸಣ್ಣ ಊರುಗಳು ಸಿಗುತ್ತವೆ. ಅವುಗಳ ಹೆಸರೇ ಕಥೆ ಹೇಳುತ್ತದೆ.

1860ರ ದಶಕದಲ್ಲಿ ಅಲ್ಲಿ ಕಲ್ಲಿದ್ದಲು ಸಿಕ್ಕಿತು. ಯುರೋಪಿನ ನಾನಾ ದೇಶಗಳಿಂದ ಕೂಲಿಗಾಗಿ ಬಂದವರು ನೆಲದಡಿ ಇಳಿದರು. 1883ರ ಫೆಬ್ರವರಿ 16ರಂದು ಮಳೆ ಮತ್ತು ಕರಗಿದ ಹಿಮದ ನೀರು ಡೈಮಂಡ್ ಗಣಿಗೆ ನುಗ್ಗಿ ಸುಮಾರು 70 ಮಂದಿ ಸತ್ತರು. ಎಷ್ಟೋ ಹೆಣಗಳು ಮೇಲೆ ಬರಲೇ ಇಲ್ಲ. ಮನೆಮಠ ಬಿಟ್ಟು ದುಡಿಯಲು ಬಂದವರ ಈ ಕಥೆ ಗಲ್ಫ್‌ನಲ್ಲಿರುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಅಲ್ಲಿ ನೆಲವನ್ನೇ ಬಗೆದು ಕಲ್ಲಿದ್ದಲು ತೆಗೆಯುವ ತೆರೆದ ಗಣಿಗಳು ಬಂದವು. ಅಂಥ ಒಂದು ಗಣಿಯ ಹೊಂಡವೇ ಇಂದು ಬ್ರೇಡ್‌ವುಡ್ ಪರಮಾಣು ವಿದ್ಯುತ್ ಸ್ಥಾವರಕ್ಕೆ ನೀರು ತಂಪು ಮಾಡುವ ಕೆರೆ.

ಇಲಿನಾಯ್ ರಾಜ್ಯದ ನೆಲದಡಿ ಇನ್ನೂ ಅಪಾರ ಕಲ್ಲಿದ್ದಲಿದೆ. ಅದರ ತೊಂದರೆ ಗಂಧಕದ್ದು. ಬಹುಪಾಲು ಪದರಗಳಲ್ಲಿ ಗಂಧಕ ಶೇ. 3ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಈ ಗಂಧಕ ಎರಡು ರೂಪದಲ್ಲಿರುತ್ತದೆ. ಒಂದು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕದ ಹೊಳೆಯುವ ಖನಿಜ, ಸಾಂದ್ರತೆ ಸುಮಾರು 5. ಇದು ಬಿಡಿ ಕಣವಾಗಿದ್ದರೆ ದ್ರವದಲ್ಲಿ ಕಲ್ಲಿನಂತೆ ಮುಳುಗುತ್ತದೆ, ತೊಳೆದು ತೆಗೆಯಬಹುದು. ಇನ್ನೊಂದು ಕಲ್ಲಿದ್ದಲಿನ ಅಣುಗಳಲ್ಲೇ ಸೇರಿಕೊಂಡ ಗಂಧಕ. ಅದಕ್ಕೆ ಬೇರೆ ತೂಕವಿಲ್ಲ, ಕಲ್ಲಿದ್ದಲು ತೇಲಿದರೆ ಅದೂ ತೇಲುತ್ತದೆ.

1970ರ ಶುದ್ಧ ಗಾಳಿ ಕಾಯ್ದೆ ಬಂದ ಮೇಲೆ ಅಮೆರಿಕದ ಗಣಿ ಇಲಾಖೆ ದೇಶದ ನಾನಾ ಗಣಿಗಳ ಕಲ್ಲಿದ್ದಲನ್ನು ತೇಲು-ಮುಳುಗು ಪರೀಕ್ಷೆಗೆ ಒಡ್ಡಿತು. ತೊಳೆದರೆ ಎಷ್ಟು ಗಂಧಕ ಹೋಗುತ್ತದೆ ಎಂಬುದೇ ಪ್ರಶ್ನೆ. ಇಲಿನಾಯ್ ಕಲ್ಲಿದ್ದಲಿಗೆ ಬಂದ ಉತ್ತರ ಕಹಿಯಾಗಿತ್ತು. ತೊಳೆದರೆ ಗಂಧಕ ಕಡಿಮೆಯಾಗುತ್ತದೆ, ಆದರೆ ಕಾಯ್ದೆ ಕೇಳುವಷ್ಟು ಆಗುವುದಿಲ್ಲ. ವಿದ್ಯುತ್ ಕಂಪನಿಗಳು 1500 ಕಿ.ಮೀ.ಗೂ ದೂರದ ವಯೋಮಿಂಗ್‌ನಿಂದ ಕಡಿಮೆ ಗಂಧಕದ ಕಲ್ಲಿದ್ದಲನ್ನು ರೈಲಿನಲ್ಲಿ ತರಿಸತೊಡಗಿದವು. 1990ರಲ್ಲಿ ಕಾಯ್ದೆ ಇನ್ನಷ್ಟು ಬಿಗಿಯಾದ ಮೇಲೆ ಇಲಿನಾಯ್‌ನಲ್ಲಿ ಗಣಿಗಳು ಮುಚ್ಚಿದವು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಪ್ಲೇನ್‌ಫೀಲ್ಡ್‌ಗೆ ಹತ್ತಿರದ ರೋಮಿಯೋವಿಲ್‌ನ ವಿಲ್ ಕೌಂಟಿ ವಿದ್ಯುತ್ ಸ್ಥಾವರ ಸುಟ್ಟದ್ದೂ ಪಕ್ಕದ ಊರಿನ ಕಲ್ಲಿದ್ದಲಲ್ಲ, ವಯೋಮಿಂಗ್‌ನದು. 2022ರಲ್ಲಿ ಅದೂ ಕಲ್ಲಿದ್ದಲು ಸುಡುವುದನ್ನು ನಿಲ್ಲಿಸಿತು.

ಗಣಿಗಾರರ ಕೆಲಸ ಹೋದದ್ದು ಪರೀಕ್ಷೆಯಿಂದಲ್ಲ, ನೆಲದಲ್ಲಿದ್ದ ಗಂಧಕದಿಂದ. ಆದರೆ ತೊಳೆದು ಸರಿಮಾಡಿಬಿಡಬಹುದು ಎಂಬ ಆಸೆಗೆ ಎಲ್ಲಿ ಮಿತಿ ಎಂಬುದನ್ನು ಆ ಬಕೆಟ್ಟುಗಳು ಮೊದಲೇ ಹೇಳಿದ್ದವು.

ರಾಯಚೂರಿಗೆ ಬರುವ ರೈಲು

ಇನ್ನು ನಮ್ಮ ಮನೆಯ ಕಡೆ ಬರೋಣ. 1985ರಲ್ಲಿ ವಿದ್ಯುತ್ ಕೊಡಲು ಆರಂಭಿಸಿದ ರಾಯಚೂರು ಶಾಖೋತ್ಪನ್ನ ಸ್ಥಾವರ ಈಗ 1720 ಮೆಗಾವಾಟ್ ಸಾಮರ್ಥ್ಯದ್ದು. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ತೆಲಂಗಾಣದ ಸಿಂಗರೇಣಿ, ಮಹಾರಾಷ್ಟ್ರ, ದೂರದ ಒಡಿಶಾಗಳಿಂದ ರೇಕುಗಟ್ಟಲೆ ಬರಬೇಕು. ಬೂದಿ ಶೇ. 40 ಇರುವ ಕಲ್ಲಿದ್ದಲು ಒಂದು ರೇಕು ಬಂದರೆ ಅದರ ಐದು ವ್ಯಾಗನ್‌ಗಳಲ್ಲಿ ಎರಡು ಬೂದಿಯನ್ನೇ ಹೊತ್ತು ತಂದ ಹಾಗೆ. ಅದಕ್ಕೂ ರೈಲು ಬಾಡಿಗೆ, ಅದನ್ನು ಅರೆಯಲೂ ವಿದ್ಯುತ್ತು, ಕೊನೆಗೆ ಅದನ್ನು ಸುರಿಯಲು ಶಕ್ತಿನಗರದಲ್ಲಿ ಬೂದಿ ಹೊಂಡ.

ಹಾಗಿದ್ದರೆ ಗಣಿಯ ಬಾಯಲ್ಲೇ ಚೆನ್ನಾಗಿ ತೊಳೆದು ಕಳಿಸಬಾರದೇ? ಕೇಂದ್ರ ಪರಿಸರ ಸಚಿವಾಲಯ ಕೇಳಿದ್ದೂ ಅದನ್ನೇ. 1000 ಕಿ.ಮೀ.ಗಿಂತ ದೂರದ ಸ್ಥಾವರಗಳಿಗೆ ಹೋಗುವ ಕಲ್ಲಿದ್ದಲಿನ ಬೂದಿ ಶೇ. 34 ಮೀರಬಾರದೆಂದು 1997ರಲ್ಲಿ ಅಧಿಸೂಚನೆ ಹೊರಟು 2001ರಿಂದ ಜಾರಿಗೆ ಬಂತು. ಮುಂದೆ ದೂರದ ಮಿತಿಯನ್ನು ಇಳಿಸಿದರು. 2020ರಲ್ಲಿ ಈ ನಿಯಮವನ್ನೇ ಕೈಬಿಟ್ಟರು.

ವಾದ ಎರಡೂ ಕಡೆಗಿದೆ. ಅದರ ಮೂಲ ಮಾತ್ರ ನಮ್ಮ ಎರಡನೆಯ ರಾಶಿಯ ಲೆಕ್ಕದಲ್ಲಿದೆ. ಭಾರತದ ಕಲ್ಲಿದ್ದಲು ಬಹುಪಾಲು ಆ ಜಾತಿಯದು. ಬೇರ್ಪಡಿಸಲು ಹೊರಟ ಸಾಂದ್ರತೆಯ ಆಚೀಚೆ 0.1ರೊಳಗೆ ಎಷ್ಟು ಸರಕಿದೆ ಎಂಬುದು ತೊಳೆಯುವ ಕಷ್ಟವನ್ನು ತೋರಿಸುತ್ತದೆ. ಅಮೆರಿಕದ ಬಿ. ಎಂ. ಬರ್ಡ್ ಮಾಡಿದ ಹಳೆಯ ವರ್ಗೀಕರಣದಲ್ಲಿ ಇದು ಶೇ. 7ರೊಳಗಿದ್ದರೆ ಸುಲಭ, 10 ದಾಟಿದರೆ ಕಷ್ಟ, 25 ದಾಟಿದರೆ ಅತಿ ದುಸ್ತರ. ನಮ್ಮ ಎರಡನೆಯ ರಾಶಿಯನ್ನು 1.6ರಲ್ಲಿ ಬೇರ್ಪಡಿಸಲು ಹೊರಟರೆ ಆ ಅಂಕಿ 60. ಅಲ್ಲಿ ಯಂತ್ರ ಕೂದಲೆಳೆಯಷ್ಟು ತಪ್ಪಿದರೂ ಒಳ್ಳೆಯ ಇದ್ದಿಲು ಕಸಕ್ಕೆ, ಕಸ ಬಾಯ್ಲರಿಗೆ. ಇಂಥ ಕಲ್ಲಿದ್ದಲಿಗೆ ದೇಶಕ್ಕೆಲ್ಲ ಒಂದೇ ಶೇಕಡಾ ಅಂಕಿ ಸಾಲದು, ಗಣಿಗಣಿಯ ಹಂಚಿಕೆ ನೋಡಿ ನಿರ್ಧರಿಸಬೇಕು.

ಕುದುರೆಮುಖದ ಕಪ್ಪು ಪುಡಿ

ಕುದುರೆಮುಖದ ಗಣಿ ಹುಟ್ಟಿದ್ದೇ ಗಲ್ಫ್ ಕಡೆಯ ಹಣದ ಭರವಸೆಯಿಂದ. ಇರಾನ್ ತನ್ನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕೆಂದು 1975ರಲ್ಲಿ ಭಾರತದ ಜೊತೆ ಒಪ್ಪಂದ ಮಾಡಿಕೊಂಡಿತು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ಇರಾನಿನಲ್ಲಿ ಕ್ರಾಂತಿಯಾಗಿ ಆ ದೇಶ ಹಿಂದೆ ಸರಿದ ಮೇಲೂ ಕೆಲಸ ನಿಲ್ಲಲಿಲ್ಲ. ಅದಿರಿನ ಸಾರವನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿ.ಮೀ. ಉದ್ದದ ಪೈಪಿನಲ್ಲಿ ಘಟ್ಟದ ಕೆಳಗೆ ಮಂಗಳೂರಿನ ಪಣಂಬೂರಿಗೆ ಇಳಿಸುತ್ತಿದ್ದರು. ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳಿಗೆ ಅದು ಅನ್ನ ಕೊಟ್ಟ ಕಂಪನಿ.

ಅಲ್ಲಿನ ಅದಿರು ಬಡ ಅದಿರು. ಮ್ಯಾಗ್ನೆಟೈಟ್ ಬೆಣಚುಕಲ್ಲಿನ ಜೊತೆ ಪದರಪದರವಾಗಿ ಸೇರಿಕೊಂಡಿತ್ತು. ಸರಾಸರಿ ಮೂರು ಟನ್ ಅದಿರು ಪುಡಿ ಮಾಡಿದರೆ ಸುಮಾರು ಒಂದು ಟನ್ ಸಾರ ಸಿಗುತ್ತಿತ್ತು. ಇಲ್ಲಿ ಸಾಂದ್ರತೆಯ ಪ್ರಶ್ನೆ ಬೇರೆ ಬಗೆಯದು: ಎಷ್ಟು ನುಣ್ಣಗೆ ಅರೆಯಬೇಕು? 5.2 ಸಾಂದ್ರತೆಯ ಕಣ ಶುದ್ಧ ಮ್ಯಾಗ್ನೆಟೈಟ್. 2.65ರದು ಶುದ್ಧ ಬೆಣಚು. ಗಾತ್ರದಲ್ಲಿ ಅರ್ಧ ಅದು, ಅರ್ಧ ಇದು ಅಂಟಿಕೊಂಡಿರುವ ಕಣದ ಸಾಂದ್ರತೆ ಸುಮಾರು 3.9. ಅರೆದ ಪುಡಿಯಲ್ಲಿ 3.9ರ ಆಸುಪಾಸಿನ ಕಣಗಳು ಹೆಚ್ಚಿದ್ದರೆ ಇನ್ನೂ ಬಿಡಿಸಿಕೊಂಡಿಲ್ಲ ಎಂದರ್ಥ, ಇನ್ನೂ ಅರೆಯಬೇಕು. ಎರಡು ತುದಿಗೆ ಹಂಚಿಹೋಗಿದ್ದರೆ ಸಾಕು, ಮುಂದೆ ಅರೆದರೆ ವಿದ್ಯುತ್ತು ದಂಡ.

ಮೇಲ್ಪದರದಲ್ಲಿ ಗಾಳಿಮಳೆಗೆ ಮಾಗಿದ ಮ್ಯಾಗ್ನೆಟೈಟ್ ಹೆಮಟೈಟ್ ಆಗಿರುತ್ತದೆ. ಅದನ್ನು ಸಾಧಾರಣ ಆಯಸ್ಕಾಂತ ಹಿಡಿಯುವುದಿಲ್ಲ, ಆದರೆ ತೂಕ ಹಿಡಿಯುತ್ತದೆ. ಅದಕ್ಕಾಗಿಯೇ ಅಲ್ಲಿ ಆಯಸ್ಕಾಂತದ ಡ್ರಮ್ಮುಗಳ ಜೊತೆಗೆ ಸುರುಳಿ ಜಾರುಬಂಡೆಯಂಥ ಸ್ಪೈರಲ್‌ಗಳೂ ಇದ್ದವು. ಸುರುಳಿಯಲ್ಲಿ ನೀರಿನ ಜೊತೆ ಇಳಿಯುವಾಗ ಭಾರದ ಕಣ ಒಳಮಗ್ಗುಲಿಗೆ, ಹಗುರದ್ದು ಹೊರಮಗ್ಗುಲಿಗೆ ಸರಿಯುತ್ತದೆ. ಜಲಗಾರನ ಕೆಲಸವನ್ನೇ ಯಂತ್ರ ಮಾಡುತ್ತಿತ್ತು.

ಉಳಿದ ಎರಡು ಪಾಲು ಮರಳು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. ಸುತ್ತಲೂ ಕಾಡು, ಕೆಳಗೆ ಭದ್ರಾ ನದಿ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ತೀರ್ಪಿನ ಬಗ್ಗೆ ನಮ್ಮಲ್ಲಿ ಇಂದೂ ಎರಡು ಅಭಿಪ್ರಾಯವಿದೆ. ಒಂದು ಮಾತ್ರ ನಿಜ: ಸಾರವಾಗದೆ ಹೋದ ಪ್ರತಿ ಭಾರದ ಕಣವೂ ಆ ಅಣೆಕಟ್ಟಿನ ಹಿಂದೆಯೇ ಕೂತಿದೆ. ಅಳತೆ ಸೂಕ್ಷ್ಮವಾದಷ್ಟೂ ಕಾಡಿನ ಪಾಲಿಗೆ ಬೀಳುವ ಹೊರೆ ಕಡಿಮೆ.

ಯಂತ್ರಕ್ಕೂ ಒಂದು ಪರೀಕ್ಷೆ

ರಾಶಿಯ ಗುಣ ತಿಳಿದರೆ ಸಾಲದು, ತೊಳೆಯುವ ಯಂತ್ರ ಎಷ್ಟು ನಿಖರ ಎಂಬುದೂ ತಿಳಿಯಬೇಕು. 1937ರಲ್ಲಿ ನೆದರ್‌ಲೆಂಡ್ಸಿನ ಟ್ರಾಂಪ್ ಎಂಬ ಎಂಜಿನಿಯರ್ ಇದಕ್ಕೊಂದು ಗೆರೆ ಎಳೆದು ತೋರಿಸಿದ. ಪ್ರತಿ ಸಾಂದ್ರತೆಯ ಕಣಗಳಲ್ಲಿ ನೂರಕ್ಕೆ ಎಷ್ಟು ಭಾರದ ಕಡೆ ಹೋದವು ಎಂಬುದೇ ಆ ಗೆರೆ. ಯಂತ್ರ ನಿಖರವಾಗಿದ್ದರೆ ಗೆರೆ ಗೋಡೆಯಂತೆ ನೆಟ್ಟಗೆ ಏಳುತ್ತದೆ. ಕೆಟ್ಟಿದ್ದರೆ ಗುಡ್ಡದ ಇಳಿಜಾರಿನಂತೆ ಮಲಗುತ್ತದೆ. ಈಗ ಇದಕ್ಕೆ ಬಣ್ಣಬಣ್ಣದ ಪ್ಲಾಸ್ಟಿಕ್ ಘನಗಳು ಸಿಗುತ್ತವೆ, ಒಂದೊಂದು ಬಣ್ಣಕ್ಕೆ ಒಂದೊಂದು ಸಾಂದ್ರತೆ. ಯಂತ್ರ ಓಡುತ್ತಿರುವಾಗಲೇ ಅವನ್ನು ಹಾಕಿ, ಯಾವ ಬಣ್ಣದವು ಯಾವ ಕಡೆಗೆ ಎಷ್ಟು ಬಂದವು ಎಂದು ಎಣಿಸಿದರೆ ಗೆರೆ ಸಿದ್ಧ.

ಕಲ್ಲಿದ್ದಲು ತೊಳೆಯುವ ದೊಡ್ಡ ಯಂತ್ರಗಳಲ್ಲಿ ಬಳಸುವ ಭಾರದ ದ್ರವ ಯಾವುದು ಗೊತ್ತೇ? ನೀರಿನಲ್ಲಿ ಕಲಸಿದ ನುಣ್ಣನೆಯ ಮ್ಯಾಗ್ನೆಟೈಟ್. ಕೆಲಸ ಮುಗಿದ ಮೇಲೆ ಆಯಸ್ಕಾಂತದಿಂದ ಮರಳಿ ಹಿಡಿದು ಮತ್ತೆ ಬಳಸುತ್ತಾರೆ.

ಲ್ಯಾಬಿನಲ್ಲಿ ನಿಂತವರ ಉಸಿರು

ಈ ಕೆಲಸದ ಇನ್ನೊಂದು ಮುಖವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಭಾರದ ದ್ರವಗಳು ಒಳ್ಳೆಯ ದ್ರವಗಳಲ್ಲ. ಕಲ್ಲಿದ್ದಲಿಗೆ ಬಳಸುವ ಸತುವಿನ ಕ್ಲೋರೈಡ್ ದ್ರಾವಣ ಚರ್ಮ, ಕಣ್ಣು ಸುಡುತ್ತದೆ. 1.6ರ ಸಾಂದ್ರತೆಗೆ ಬಳಸುವ ಪರ್ಕ್ಲೋರೋಎಥಿಲೀನ್ ನಮ್ಮ ಲಾಂಡ್ರಿ ಕೆಲಸದವರಿಗೆ ಪರಿಚಿತವಾದ ಡ್ರೈಕ್ಲೀನಿಂಗ್ ದ್ರವವೇ. ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಅದಿರುಗಳಿಗೆ ಬಳಸುವ ಬ್ರೋಮೋಫಾರ್ಮ್ 2.9ರವರೆಗೆ ಬರುತ್ತದೆ, ಅದರ ಆವಿ ಲಿವರಿಗೆ ಕೆಟ್ಟದ್ದು. 4ಕ್ಕಿಂತ ಮೇಲೆ ಹೋಗುವ ಕ್ಲೆರಿಚಿ ದ್ರಾವಣದಲ್ಲಿ ಥ್ಯಾಲಿಯಂ ಇದೆ, ಅದು ಘೋರ ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ.

ಆದ್ದರಿಂದ ಬೇರೆ ದಾರಿಗಳು ಬಂದಿವೆ. ನೀರಿನಲ್ಲಿ ಕರಗುವ ಪಾಲಿಟಂಗ್‌ಸ್ಟೇಟ್ ಉಪ್ಪುಗಳು ಸುಮಾರು 3ರವರೆಗೆ ಹೋಗುತ್ತವೆ. ಬೆಲೆ ಹೆಚ್ಚು, ಆದರೆ ಆವಿಯ ಕಾಟವಿಲ್ಲ. ಹೀಲಿಯಂ ಅನಿಲ ಬಳಸಿ ಪುಡಿಯ ನಿಜವಾದ ಗಾತ್ರ ಅಳೆಯುವ ಪೈಕ್ನೋಮೀಟರ್ ಇದೆ. ಆದರೆ ಅದು ಕೊಡುವುದು ಸರಾಸರಿ ಮಾತ್ರ. ಹಂಚಿಕೆ ಬೇಕಾದರೆ ಕಣಕಣವನ್ನೂ ಕ್ಯಾಮೆರಾ ಮತ್ತು ತಕ್ಕಡಿಯಿಂದ ಅಳೆಯುವ, ಎಕ್ಸ್‌ರೇ ಸ್ಕ್ಯಾನಿನಲ್ಲಿ ನೋಡುವ ವಿಧಾನಗಳಿವೆ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಕೆವಿನ್ ಗಾಲ್ವಿನ್ ಅವರ ತಂಡ ವಿಷದ ದ್ರವವಿಲ್ಲದೆ, ಮೇಲೇರುವ ನೀರಿನ ಬಲದಿಂದಲೇ ಕಣಗಳನ್ನು ಸಾಂದ್ರತೆಯಂತೆ ಬೇರ್ಪಡಿಸುವ ದಾರಿ ತೋರಿಸಿದೆ.

ನೀವು ಯಾವುದೇ ಲ್ಯಾಬಿನಲ್ಲಿರಿ, ಬಾಟಲಿಯ ಮೇಲಿನ ಸುರಕ್ಷತಾ ಹಾಳೆ ಓದದೆ ಮುಚ್ಚಳ ತೆಗೆಯಬೇಡಿ. ಫ್ಯೂಮ್ ಹುಡ್ ಕೆಟ್ಟಿದ್ದರೆ ಹೇಳಿ. ಕೈಗವಸು ಕೇಳಿ ಪಡೆಯಿರಿ. ವೀಸಾದ ಭಯಕ್ಕೆ ಬಾಯಿ ಮುಚ್ಚಿಕೊಂಡರೆ ಉಸಿರಿನ ಲೆಕ್ಕ ಕೊಡಬೇಕಾದವರು ನಾವೇ.

ನಮ್ಮ ಕೆಲಸದ ಜಾಗದಲ್ಲಿ

ತೈಲ ಬಾವಿ ಕೊರೆಯುವಾಗ ಬಳಸುವ ಮಣ್ಣಿನ ದ್ರವಕ್ಕೆ ತೂಕ ಕೊಡಲು ಬರೈಟ್ ಪುಡಿ ಸೇರಿಸುತ್ತಾರೆ. ಪಕ್ಕದ ಆಂಧ್ರದ ಮಂಗಂಪೇಟೆ ಅದರ ಹೆಸರಾಂತ ಗಣಿ. ಶುದ್ಧ ಬರೈಟ್ ಸಾಂದ್ರತೆ ಸುಮಾರು 4.5. ಮಾರುಕಟ್ಟೆಯಲ್ಲಿ ಕೇಳುವುದು 4.2, ಈಚಿನ ವರ್ಷಗಳಲ್ಲಿ 4.1ರ ದರ್ಜೆಯೂ ಇದೆ. ಲ್ಯಾಬಿನಲ್ಲಿ ಲೆ ಷಾಟೆಲಿಯೆ ಫ್ಲಾಸ್ಕಿನಿಂದ ಅಳೆದು 4.2 ಬಂದರೆ ಪಾಸ್. ಸಿಮೆಂಟ್ ಪರೀಕ್ಷಿಸುವವರಿಗೂ ಈ ಫ್ಲಾಸ್ಕ್ ಗೊತ್ತು. ಆ 4.2 ಒಂದು ಸರಾಸರಿ. ಅದರೊಳಗೆ 2.65ರ ಬೆಣಚಿನ ಕಣಗಳೂ ಇರಬಹುದು, ಅವು ಪಂಪನ್ನು ಸವೆಸುತ್ತವೆ. ಅಂಕಿ ಪಾಸಾದ ಮಾತ್ರಕ್ಕೆ ಸರಕು ಒಳ್ಳೆಯದೆಂದು ಹೇಳಲಾಗದು ಎಂಬ ತಿಳಿವು ಒಬ್ಬ ಲ್ಯಾಬ್ ಟೆಕ್ನಿಷಿಯನ್‌ನನ್ನು ಉಳಿದವರಿಂದ ಬೇರೆ ಮಾಡುತ್ತದೆ.

ಈ ವಿದ್ಯೆಯನ್ನು ಕಲಿಯಲು ನಮ್ಮ ಮಕ್ಕಳು ದೂರ ಹೋಗಬೇಕಿಲ್ಲ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಗಣಿ ಎಂಜಿನಿಯರಿಂಗ್ ವಿಭಾಗವಿದೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಸಂಡೂರು ನಂದಿಹಳ್ಳಿ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯನ್ನೇ ವಿಷಯವಾಗಿ ಓದಬಹುದು. ರಜೆಗೆ ಊರಿಗೆ ಹೋದಾಗ ಪಿಯುಸಿ ಓದುವ ತಮ್ಮನೋ ತಂಗಿಯೋ ಮುಂದೇನು ಎಂದು ಕೇಳಿದರೆ, ಕಂಪ್ಯೂಟರಿನ ಆಚೆಗೂ ಇಂಥದೊಂದು ದಾರಿ ಇದೆ ಎಂದು ಹೇಳಿ.